ನೀಲಿ ತಿರುಗಿದ ಒಂದು ಎಲ್‌ಇಡಿ, ಮತ್ತೆ ಟಾರ್ಚ್ ಮಾಡಿಫೈ ಮಾಡೋಕೆ ನಿಜವಾಗ್ಲೂ ಬೇಕಾದ ಸಾಮಾನು

ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಬೆಂಚಲ್ಲಿ ಕೆಲಸ ಮಾಡ್ತೀನಿ. ರಾತ್ರಿ ಪಾಳಿಯವರು ಬಳಸೋ ಟಾರ್ಚು, ಹೆಡ್‌ಲ್ಯಾಂಪು ಕೆಟ್ರೆ ನನ್ನ ಟೇಬಲ್‌ಗೇ ಬರೋದು. ಸೇರಿದ ಹೊಸದ್ರಲ್ಲಿ ಒಬ್ಬರು ತಮ್ಮ ಟಾರ್ಚ್ ತಂದು "ಬೆಳಕು ಸಾಲ್ತಿಲ್ಲ, ಸ್ವಲ್ಪ ಜಾಸ್ತಿ ಮಾಡಿಕೊಡಿ" ಅಂದ್ರು. ನಾನು ಇನ್ನೂ ದೊಡ್ಡ ಎಲ್‌ಇಡಿ ಹಾಕಿ, ಅದಕ್ಕೆ ಜಾಸ್ತಿ ಕರೆಂಟ್ ಕೊಡೋ ಡ್ರೈವರ್ (ಎಲ್‌ಇಡಿಗೆ ಹೋಗೋ ಕರೆಂಟ್ ಹತೋಟಿ ಮಾಡೋ ಸಣ್ಣ ಸರ್ಕ್ಯೂಟ್) ಹಾಕಿ, ಬೆಂಚಲ್ಲಿ ಹತ್ತು ಸೆಕೆಂಡ್ ಹಚ್ಚಿ ನೋಡಿ, ಗೋಡೆ ಪೂರ್ತಿ ಬೆಳ್ಳಗೆ ಆದದ್ದು ಕಂಡು ಖುಷಿಯಾಗಿ ಕೊಟ್ಟು ಕಳಿಸಿದೆ. ಮಾರನೇ ದಿನ ವಾಪಸ್ ಬಂತು. ಬೆಳಕು ಬಿಳಿ ಇರಲಿಲ್ಲ, ನೇರಳೆ ಮಿಶ್ರ ನೀಲಿ ಆಗಿತ್ತು.

ಬಿಳಿ ಎಲ್‌ಇಡಿ ಒಳಗೆ ಇರೋದು ನೀಲಿ ಬೆಳಕಿನ ಚಿಪ್ಪೇ, ಅದರ ಮೇಲೆ ಹಳದಿ ಫಾಸ್ಫರ್ ಪದರ ಇರತ್ತೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ ಕಾಣೋದು. ಮಿತಿ ಮೀರಿ ಕಾದಾಗ ಫಾಸ್ಫರ್ ತನ್ನ ಕೆಲಸ ಮಾಡಲ್ಲ, ಒಳಗಿನ ನೀಲಿ ಹಾಗೇ ಹೊರಗೆ ಬರತ್ತೆ. ಟಾರ್ಚ್ ಬಿಚ್ಚಿ ನೋಡಿದ್ರೆ ಕಾರಣ ಎದುರಿಗೇ ಇತ್ತು: ಎಲ್‌ಇಡಿ ಬೋರ್ಡ್ ಕೂರೋ ಜಾಗದಲ್ಲಿ ಲೇತಿನ ಗೆರೆಗಳು ಎದ್ದು ಕಾಣ್ತಿದ್ವು, ಅದರ ಮೇಲೆ ನಾನು ಶಾಖ ದಾಟಿಸೋ ಥರ್ಮಲ್ ಪೇಸ್ಟನ್ನ ಬೆಣ್ಣೆ ಮೆತ್ತಿದ ಹಾಗೆ ಮೆತ್ತಿದ್ದೆ, ಬೋರ್ಡು ಒಂದು ಕಡೆ ಎತ್ತಿಕೊಂಡಿತ್ತು. ನಮ್ಮ ಸೀನಿಯರ್ ಒಬ್ಬರು ಬಂದು ನೋಡಿ ಒಂದೇ ಪ್ರಶ್ನೆ ಕೇಳಿದ್ರು, "ಕರೆಂಟ್ ಎಷ್ಟು ಹೋಗ್ತಿತ್ತು, ಅಳೆದಿದ್ರಾ?" ನಾನು ಅಳೆದಿರಲಿಲ್ಲ.

ಅದಕ್ಕೇ ಈಗ ಯಾರಾದ್ರೂ "ಟಾರ್ಚ್ ಮಾಡಿಫೈ ಮಾಡೋದು ಶುರು ಮಾಡ್ಬೇಕು, ಯಾವ ಎಲ್‌ಇಡಿ ತಗೊಳ್ಲಿ" ಅಂತ ಕೇಳಿದ್ರೆ ಎಲ್‌ಇಡಿ ಕೊನೇಲಿ ತಗೊಳ್ಳಿ, ಮೊದ್ಲು ಮಲ್ಟಿಮೀಟರ್ ತಗೊಳ್ಳಿ ಅಂತೀನಿ. ಬ್ಯಾಟರಿ ವೋಲ್ಟೇಜ್, ಸ್ವಿಚ್ ಸರಿ ಇದ್ಯಾ, ಎಲ್ಲಾದ್ರೂ ಶಾರ್ಟ್ ಇದ್ಯಾ, ಇವೆಲ್ಲ ಸಾಧಾರಣ ಮೀಟರಲ್ಲೇ ಗೊತ್ತಾಗತ್ತೆ. ಕರೆಂಟ್ ಅಳೆಯೋಕೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ತುದಿಗೂ ಟಾರ್ಚಿನ ಮೈಗೂ ಮಧ್ಯೆ ಮೀಟರ್ ಹಿಡಿತಾರೆ, ಆದ್ರೆ ಮೀಟರಿನ ತೆಳ್ಳಗಿನ ಲೀಡುಗಳಿಗೇ ರೆಸಿಸ್ಟೆನ್ಸ್ ಇರೋದ್ರಿಂದ ಜಾಸ್ತಿ ಕರೆಂಟ್ ಎಳೆಯೋ ಟಾರ್ಚಲ್ಲಿ ನಿಜಕ್ಕಿಂತ ಕಮ್ಮಿ ತೋರಿಸತ್ತೆ. ಒಂದು ದಪ್ಪ ಗಿಡ್ಡ ವೈರ್ ಹಾಕಿ ಅದರ ಸುತ್ತ ಕ್ಲ್ಯಾಂಪ್ ಮೀಟರ್ ಹಿಡಿದ್ರೆ ಸರಿಯಾದ ಅಳತೆ ಸಿಗತ್ತೆ, ಕ್ಲ್ಯಾಂಪ್ ಮಾತ್ರ ಡಿಸಿ ಅಳೆಯೋದೇ ಆಗಿರಬೇಕು, ಎಷ್ಟೋ ಕ್ಲ್ಯಾಂಪುಗಳು ಎಸಿ ಒಂದನ್ನೇ ಅಳಿತಾವೆ. ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ: ಲೀಡನ್ನ 10 ಆಂಪ್ ತೂತಲ್ಲೇ ಬಿಟ್ಟು ಮರೆತು ಬ್ಯಾಟರಿ ವೋಲ್ಟೇಜ್ ನೋಡೋಕೆ ಹೋದ್ರೆ ಬ್ಯಾಟರಿ ನೇರ ಶಾರ್ಟ್ ಆಗತ್ತೆ. ಕರೆಂಟ್ ಅಳೆದ ತಕ್ಷಣ ಲೀಡ್ ವಾಪಸ್ ವೋಲ್ಟ್ ತೂತಿಗೆ, ಇದು ಕೈಗೆ ಅಭ್ಯಾಸ ಆಗಿಬಿಡಬೇಕು.

ಬಿಚ್ಚೋ ಸಾಮಾನು ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಳಗಿನ ರಿಂಗಿನ ಎರಡು ತೂತಿಗೆ ಕೂರೋ ಚೂಪು ಮೂತಿಯ ಸರ್ಕ್ಲಿಪ್ ಪ್ಲೈಯರ್, ಹಿಡಿತಕ್ಕೆ ರಬ್ಬರ್ ಪಟ್ಟಿ, ಅಂಟು ಹಾಕಿದ ಥ್ರೆಡ್ ಇದ್ರೆ ಬಿಸಿ ಗಾಳಿ ಗನ್. ಬಲ ಹಾಕೋದಕ್ಕಿಂತ ಬಿಸಿ ಮಾಡೋದು ವಾಸಿ, ಅಂಟು ಮೆತ್ತಗಾಗತ್ತೆ, ಮೈ ಗೀರಲ್ಲ.

ಸೋಲ್ಡರಿಂಗ್ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಎಲ್‌ಇಡಿ ಕೂತಿರೋ ಬೋರ್ಡು ಲೋಹದ್ದು, ಶಾಖ ಎಳೆದುಕೊಳ್ಳೋದೇ ಅದರ ಕೆಲಸ, ಹಾಗಾಗಿ ಸೂಜಿ ಮೂತಿ ಐರನ್ ಇಟ್ರೆ ಸೋಲ್ಡರ್ ಕರಗೋದೇ ಇಲ್ಲ, ಹೊಸಬರು ಒತ್ತಿ ಒತ್ತಿ ಪ್ಯಾಡೇ (ಸೋಲ್ಡರ್ ಕೂರೋ ತಾಮ್ರದ ಜಾಗ) ಕಿತ್ತುಬಿಡ್ತಾರೆ. ಉಳಿ ಆಕಾರದ ಅಗಲ ಬಿಟ್, 60 ವ್ಯಾಟ್ ಆಸುಪಾಸಿನ ಟೆಂಪರೇಚರ್ ಕಂಟ್ರೋಲ್ ಇರೋ ಐರನ್ ತಗೊಳ್ಳಿ. ವೈರ್ ಹಚ್ಚೋವಾಗ ಬೋರ್ಡನ್ನ ಟಾರ್ಚ್ ತಲೆಯಲ್ಲಿ ಕೂರಿಸಿಕೊಂಡು ಹಚ್ಚಬೇಡಿ, ಇಡೀ ಟಾರ್ಚೇ ಶಾಖ ಕುಡಿದುಬಿಡತ್ತೆ, ಒಂದು ಮರದ ತುಂಡಿನ ಮೇಲೆ ಇಟ್ಕೊಂಡು ಹಚ್ಚಿ. ಎಲ್‌ಇಡಿಯನ್ನೇ ಬದಲಾಯಿಸೋದಾದ್ರೆ ಚಿಕ್ಕ ಹಾಟ್ ಪ್ಲೇಟ್ ಬೇಕು, ಕೆಳಗಿಂದ ಬಿಸಿ ಕೊಡೋಕೆ. ಸೋಲ್ಡರ್ ಕರಗಿದ ಕ್ಷಣ ಎಲ್‌ಇಡಿ ತಾನಾಗೇ ಜರುಗಿ ಪ್ಯಾಡಿನ ಮೇಲೆ ನೇರ ಆಗೋದನ್ನ ನೋಡೋದೇ ಒಂದು ಸಂತೋಷ, ಇಷ್ಟು ವರ್ಷ ಆದ್ಮೇಲೂ ನಂಗೆ ಅದು ಹಳತಾಗಿಲ್ಲ.

ಸೋಲ್ಡರ್ ಕೂಡ ನೋಡಿ ತಗೋಬೇಕು. 63 ಭಾಗ ತವರ, 37 ಭಾಗ ಸೀಸ ಇರೋದು 183 ಡಿಗ್ರಿಗೆ ಕರಗತ್ತೆ, ಕಲಿಯೋರಿಗೆ ಇದು ಸುಲಭ, ಹೊಗೆ ಉಸಿರಾಡದೆ ಗಾಳಿ ಆಡೋ ಕಡೆ ಕೂತು ಮಾಡಿ, ಆಮೇಲೆ ಕೈ ತೊಳಿರಿ. ಬಿಸ್ಮತ್ ಇರೋದು 138 ಡಿಗ್ರಿಗೇ ಕರಗತ್ತೆ, ಎಲ್‌ಇಡಿಗೆ ಬಿಸಿ ಕಮ್ಮಿ ತಗಲತ್ತೆ ಅಂತ ಆಸೆ ಆಗತ್ತೆ, ಆದ್ರೆ ಬೋರ್ಡ್ ಮೇಲೆ ಹಳೇ ಸೀಸದ ಸೋಲ್ಡರ್ ಉಳಿದಿದ್ರೆ ಎರಡೂ ಬೆರೆತು ಸುಮಾರು 96 ಡಿಗ್ರಿಗೇ ಕರಗೋ ಮಿಶ್ರಣ ಆಗಬಹುದು. ಟಾರ್ಚ್ ಕಾದಾಗ ಜಾಯಿಂಟೇ ಸಡಿಲ ಆದ್ರೆ ಏನು ಪ್ರಯೋಜನ. ಹಳೇದನ್ನ ಡೀಸೋಲ್ಡರಿಂಗ್ ವಿಕ್ (ಸೋಲ್ಡರ್ ಹೀರೋ ತಾಮ್ರದ ಜಡೆ) ಇಟ್ಟು ಪೂರ್ತಿ ಎಳೆದು ತೆಗೀರಿ. ಸೋಲ್ಡರ್ ಚೆನ್ನಾಗಿ ಹಿಡಿಯೋಕೆ ಹಚ್ಚೋ ಫ್ಲಕ್ಸ್ ರೋಸಿನ್‌ದೇ ಇರಲಿ, ಪೈಪ್ ಕೆಲಸಕ್ಕೆ ಬಳಸೋ ಆಸಿಡ್ ಫ್ಲಕ್ಸ್ ಬೇಡ, ಅದು ಉಳಿದ ಕಡೆ ತಾಮ್ರ ಹಸಿರಾಗಿ ತಿಂದುಹೋಗತ್ತೆ. ಆದ್ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ.

ಈಗ ನನ್ನ ನೀಲಿ ಎಲ್‌ಇಡಿ ಕಲಿಸಿದ ವಿಷಯಕ್ಕೆ ಬರ್ತೀನಿ. ಶಾಖ ಚಿಪ್ಪಿಂದ ಬೋರ್ಡಿಗೆ, ಬೋರ್ಡಿಂದ ಟಾರ್ಚ್ ತಲೆಗೆ, ಅಲ್ಲಿಂದ ನಿಮ್ಮ ಅಂಗೈಗೆ ಹೋಗ್ಬೇಕು, ಈ ದಾರೀಲಿ ಎಲ್ಲಿ ಅಡ್ಡ ಬಂದ್ರೂ ಚಿಪ್ಪು ಸಾಯತ್ತೆ. ತಾಮ್ರದ ಶಾಖ ವಾಹಕತೆ ಮೀಟರ್ ಕೆಲ್ವಿನ್‌ಗೆ ಸುಮಾರು 400 ವ್ಯಾಟ್, ಟಾರ್ಚಿನ ಮೈಗೆ ಬಳಸೋ 6061 ಅಲ್ಯೂಮಿನಿಯಂ ಸುಮಾರು 167, ಸಾಧಾರಣ ಥರ್ಮಲ್ ಪೇಸ್ಟ್ ಹತ್ತರ ಒಳಗೆ, ಗಾಳಿ ಬರೀ 0.026. ಈ ನಾಲ್ಕು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ್ರೆ ಪೇಸ್ಟ್ ಇರೋದು ಗಾಳಿಯನ್ನ ಓಡಿಸೋಕೆ ಮಾತ್ರ ಅಂತ ಅರ್ಥ ಆಗತ್ತೆ, ಲೋಹ ಲೋಹಕ್ಕೆ ತಗಲೋ ಕಡೆ ಅದು ದಪ್ಪ ಇದ್ದಷ್ಟೂ ನಷ್ಟ. ಹಾಗಾಗಿ ಒಂದು ಸಮತಟ್ಟು ಗಾಜಿನ ಮೇಲೆ 400, ಆಮೇಲೆ 800, 1000 ನಂಬರಿನ ಮರಳು ಕಾಗದ ಇಟ್ಟು ಬೋರ್ಡಿನ ತಳ ಉಜ್ಜಿ, ಬೋರ್ಡ್ ಕೂರೋ ಜಾಗ ಕೈಗೆ ಸಿಗೋ ಹಾಗಿದ್ರೆ ಅದನ್ನೂ ಉಜ್ಜಿ, ಪೇಸ್ಟ್ ತೆಳ್ಳಗೆ ಸವರಿ, ಬೋರ್ಡನ್ನ ಒತ್ತಿ ತಿರುಗಿಸಿ ಕೂರಿಸಿ. ಅಂಟೋ ಥರ್ಮಲ್ ಗ್ಲೂ ನಾನು ಬಳಸಲ್ಲ, ಮುಂದೆ ಅದನ್ನ ಬಿಚ್ಚೋರು ಪಡೋ ಪಾಡು ದಿನಾ ನೋಡ್ತೀನಿ.

ಬೋರ್ಡ್ ತಗೊಳ್ಳೋವಾಗ ಡೈರೆಕ್ಟ್ ಥರ್ಮಲ್ ಪಾತ್ ಇರೋ ತಾಮ್ರದ್ದೇ ಕೇಳಿ. ಸಾಮಾನ್ಯ ಬೋರ್ಡಲ್ಲಿ ಎಲ್‌ಇಡಿಗೂ ಲೋಹಕ್ಕೂ ಮಧ್ಯೆ ಒಂದು ಇನ್ಸುಲೇಷನ್ ಪದರ ಇರತ್ತೆ, ಇದರಲ್ಲಿ ಎಲ್‌ಇಡಿಯ ಮಧ್ಯದ ಪ್ಯಾಡು ನೇರ ತಾಮ್ರಕ್ಕೇ ಸೋಲ್ಡರ್ ಆಗತ್ತೆ. ಎಲ್‌ಇಡಿ ಸೈಜ್ 3535 ಅಂದ್ರೆ 3.5 ಮಿಲಿಮೀಟರ್ ಚೌಕ, 5050 ಅಂದ್ರೆ 5 ಮಿಲಿಮೀಟರ್, ಬೋರ್ಡಿನ ಪ್ಯಾಡ್ ಅದಕ್ಕೆ ಹೊಂದಬೇಕು. ಎಲ್‌ಇಡಿ 3 ವೋಲ್ಟಿಂದಾ 6 ವೋಲ್ಟಿಂದಾ ಅನ್ನೋದನ್ನೂ ನೋಡಿ, ಡ್ರೈವರ್ ಹೊಂದದಿದ್ರೆ ಹತ್ತೋದೇ ಇಲ್ಲ ಅಥವಾ ಸುಟ್ಟೇ ಹೋಗತ್ತೆ.

ಮಿಕ್ಕಿದ್ದು ಸಣ್ಣಸಣ್ಣದು, ಆದ್ರೆ ಕೆಲಸ ಕೆಡೋದು ಇಲ್ಲೇ. ಸಿಲಿಕೋನ್ ಕವಚದ 22 ಗೇಜ್ ವೈರ್, ಐರನ್ ತಗಲಿದ್ರೂ ಕರಗಲ್ಲ. ಬಿಸಿ ತಡೆಯೋ ಕ್ಯಾಪ್ಟಾನ್ ಇನ್ಸುಲೇಷನ್ ಟೇಪ್ ಮತ್ತೆ ಎಲ್‌ಇಡಿ ಸುತ್ತ ಕೂರೋ ಪ್ಲಾಸ್ಟಿಕ್ ಸೆಂಟರಿಂಗ್ ರಿಂಗ್, ಇವೆರಡೂ ಇಲ್ದೆ ಮುಚ್ಚಿದ್ರೆ ಲೋಹದ ರಿಫ್ಲೆಕ್ಟರ್ ವೈರಿನ ಸೋಲ್ಡರ್ ಗುಡ್ಡೆಗೆ ತಗಲಿ ಶಾರ್ಟ್ ಆಗತ್ತೆ. ರಿಫ್ಲೆಕ್ಟರ್ ಒಳಗೆ ಬೆರಳು, ಬಟ್ಟೆ ಏನೂ ಬೇಡ, ಗಾಳಿ ಊದೋ ರಬ್ಬರ್ ಬುಗ್ಗೆ ಸಾಕು. ಒಳಗೆ ಎಲ್ಲೂ ಸೂಪರ್ ಗ್ಲೂ ಹಾಕಬೇಡಿ, ಅದರ ಹಬೆ ಗಾಜಿನ ಮೇಲೆ ಬೆಳ್ಳಗೆ ಕೂರತ್ತೆ.

ಬ್ಯಾಟರಿ ವಿಷಯದಲ್ಲಿ ನಾನು ಕಟ್ಟುನಿಟ್ಟು. 18650 ಸೆಲ್ ಅಂದ್ರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿದ್ರೆ ಹೊಸ ಸಿಪ್ಪೆ ಹಾಕೋವರೆಗೂ ಅದನ್ನ ಬಳಸಬೇಡಿ, ಯಾಕಂದ್ರೆ ಇಡೀ ಮೈ ನೆಗೆಟಿವ್ ತುದಿ. ಸೆಲ್ಲಿಗೆ ನೇರ ಸೋಲ್ಡರ್ ಮಾಡೋದಂತೂ ಬೇಡವೇ ಬೇಡ.

ಮೊದಲ ಕೆಲಸಕ್ಕೆ ಕಾನ್ವಾಯ್ ಎಸ್2 ಪ್ಲಸ್ ತರಹದ ಟಾರ್ಚ್ ಒಳ್ಳೇದು, 17 ಮಿಲಿಮೀಟರ್ ಡ್ರೈವರ್, 16 ಮಿಲಿಮೀಟರ್ ಬೋರ್ಡ್ ಎರಡೂ ಸುಲಭವಾಗಿ ಸಿಗೋ ಅಳತೆ. ಅದ್ರಲ್ಲೂ ಮೊದ್ಲು ಎಲ್‌ಇಡಿ ಮುಟ್ಟದೆ ಹಿಂದಿನ ಸ್ಪ್ರಿಂಗಿಗೆ ಒಂದು ಮೆತ್ತನೆ ತಾಮ್ರದ ವೈರ್ ಬೈಪಾಸ್ ಹಾಕಿ (ಕರೆಂಟ್ ಸ್ಪ್ರಿಂಗ್ ಬದಲು ವೈರಲ್ಲಿ ಹೋಗೋ ಹಾಗೆ), ಹಾಕೋ ಮುಂಚೆ ಒಂದ್ಸಲ ಹಾಕಿದ್ಮೇಲೆ ಒಂದ್ಸಲ ಕರೆಂಟ್ ಅಳೆದು ಬರೆದಿಡಿ. ಕರೆಂಟನ್ನ ಡ್ರೈವರ್ ಕಟ್ಟಿಹಾಕಿದ ಟಾರ್ಚಲ್ಲಿ ಬ್ಯಾಟರಿ ತುಂಬಿದ್ದಾಗ ವ್ಯತ್ಯಾಸ ಕಾಣದೇ ಇರಬಹುದು, ಅರ್ಧ ಖಾಲಿಯಾದಾಗ ಅಳೆದ್ರೆ ಕಾಣತ್ತೆ.

ನೀಲಿ ತಿರುಗಿದ ಆ ಮೊದಲ ಟಾರ್ಚಿಗೆ ಆಮೇಲೆ ಜಾಗ ಉಜ್ಜಿ ಸಮ ಮಾಡಿ, ತಾಮ್ರದ ಬೋರ್ಡ್ ಕೂರಿಸಿ, ಬಣ್ಣ ನಿಜವಾಗಿ ತೋರಿಸೋ ನಿಚಿಯಾ 519ಎ ಎಲ್‌ಇಡಿ ಹಾಕಿದೆ, ಡ್ರೈವರ್ ಕರೆಂಟನ್ನ ಮಿತಿಯಲ್ಲಿಡೋ 7135 ಚಿಪ್ಪಿಂದು, ಒಂದು ಚಿಪ್ಪಿಗೆ 350 ಮಿಲಿಆಂಪ್ ಲೆಕ್ಕದಲ್ಲಿ ಎಂಟು ಚಿಪ್ಪು, 2.8 ಆಂಪ್. ಮೊದ್ಲು ನಾನು ಹಾಕಿದ್ದ ಡ್ರೈವರ್ ಲೆಕ್ಕಕ್ಕಿಂತ ಕಮ್ಮಿ ಕರೆಂಟ್. ಕೈಯಲ್ಲಿ ಹಿಡಿದು ಹಚ್ಚಿದೆ, ಒಂದು ನಿಮಿಷದೊಳಗೆ ಟಾರ್ಚ್ ತಲೆಯ ಬಿಸಿ ಅಂಗೈಗೆ ಗೊತ್ತಾಯ್ತು, ಅಂದ್ರೆ ಶಾಖ ಹೊರಗೆ ಬರ್ತಿತ್ತು. ಹಿಂದಿನ ಸಲ ಟಾರ್ಚ್ ತಣ್ಣಗೇ ಇತ್ತು, ಅದನ್ನ ಒಳ್ಳೇ ಲಕ್ಷಣ ಅಂದುಕೊಂಡಿದ್ದೆ. ತಗೊಂಡು ಹೋದವರು ವಾರ ಬಿಟ್ಟು ಸಿಕ್ಕಾಗ "ಈಗ ಪ್ಯಾನೆಲ್ ಒಳಗೆ ಕೆಂಪು ವೈರ್ ಯಾವುದು ಕಂದು ವೈರ್ ಯಾವುದು ಅಂತ ರಾತ್ರೀಲೂ ಗೊತ್ತಾಗತ್ತೆ ಕಣ್ರೀ" ಅಂದ್ರು.