ಕಾಂಪೌಂಡಿನಾಚೆ ನೋಡದ ಕಾದಂಬರಿ

ಈಚೆಗೆ ಓದಿ ಮುಗಿಸಿದ ಕಾದಂಬರಿಯೊಂದರ ಕಥೆ ನಡೆಯುವುದು ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ. ಎದುರುಬದುರಾಗಿ ಆರು ಮನೆಗಳು: ನಿವೃತ್ತ ಬ್ಯಾಂಕ್ ಅಧಿಕಾರಿ ಮತ್ತು ಅವರ ಹೆಂಡತಿ, ಕಾಲೇಜಿನಲ್ಲಿ ಪಾಠ ಹೇಳುವ ಒಂಟಿ ಮಹಿಳೆ, ಮಗನನ್ನು ಅಮೆರಿಕಕ್ಕೆ ಕಳುಹಿಸಿ ದೊಡ್ಡ ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರು, ಮಹಡಿಯ ಬಾಡಿಗೆ ಮನೆಗೆ ಹೊಸದಾಗಿ ಬಂದ ಸಾಫ್ಟ್‌ವೇರ್ ದಂಪತಿ, ಹೀಗೆ. ನೆರೆಹೊರೆಯೇ ಈ ಕೃತಿಯ ನಾಯಕ ಎಂದು ಬೆನ್ನುಡಿ ಹೇಳುತ್ತದೆ. ಲೇಖಕರ ಮೊದಲ ಕಾದಂಬರಿಯಾದ್ದರಿಂದ ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ನಮ್ಮ ಬಡಾವಣೆಗಳ ಬದುಕಿನ ಬಗ್ಗೆ ಒಂದು ಒಳ್ಳೆಯ ಕಾದಂಬರಿ ಬರಲಿ ಎಂದು ಕಾಯುತ್ತಿರುವವರಲ್ಲಿ ನಾನೂ ಸೇರಿರುವುದರಿಂದ, ಇದು ಏಕೆ ಅಷ್ಟೊಂದು ನಿರಾಸೆ ಉಂಟುಮಾಡಿತು ಎಂಬುದನ್ನು ಬರೆದಿಡಬೇಕೆನಿಸಿತು.

ಇದರ ದೊಡ್ಡ ಕೊರತೆಯೆಂದರೆ, ಇದರಲ್ಲಿ ಯಾರಿಗೂ ಪಕ್ಕದ ಮನೆಯವರಿಂದ ಆಗಬೇಕಾದ ಕೆಲಸವೇ ಇಲ್ಲ. ಪ್ರತಿಯೊಬ್ಬರೂ ಕಿಟಕಿಯ ಬಳಿ ನಿಂತು ತಮ್ಮ ತಮ್ಮ ಕೊರಗನ್ನು ಪುಟಗಟ್ಟಲೆ ಮೆಲುಕು ಹಾಕುತ್ತಾರೆ. ಗಂಡನ ಮೌನ, ಮಗನ ಫೋನು ಬಾರದ ಭಾನುವಾರ, ಕೈತಪ್ಪಿದ ಬಡ್ತಿ, ಎಲ್ಲವೂ ಬರುತ್ತವೆ. ಆದರೆ ಊರಿಗೆ ಹೋಗುವಾಗ ಬೀಗದ ಕೈಯನ್ನು ಯಾರ ಬಳಿ ಕೊಟ್ಟು ಹೋಗುತ್ತಾರೆ, ಮನೆಯಲ್ಲಿ ಯಾರೂ ಇಲ್ಲದಾಗ ಸಿಲಿಂಡರ್ ಬಂದರೆ ಯಾರು ಇಳಿಸಿಕೊಳ್ಳುತ್ತಾರೆ, ಪಕ್ಕದ ತೆಂಗಿನ ಮರದ ಗರಿ ಕಾರಿನ ಮೇಲೆ ಬಿದ್ದರೆ ಯಾರು ಯಾರನ್ನು ಏನೆಂದು ಕೇಳುತ್ತಾರೆ ಎಂಬುದು ಎಲ್ಲಿಯೂ ಇಲ್ಲ. ನೀರಿನ ವಿಷಯವನ್ನೇ ನೋಡಿ. ಒಬ್ಬರ ಸಂಪು ತುಂಬಿ ರಸ್ತೆಗೆ ಹರಿಯುತ್ತಿರುವಾಗ ಪಕ್ಕದವರ ಸಂಪಿಗೆ ಸಣ್ಣ ಧಾರೆಯೂ ಬೀಳದಿದ್ದರೆ, ಮೊದಲನೆಯವರು ಮೋಟಾರ್ ಹಾಕಿ ಪೈಪಿನಿಂದಲೇ ನೀರು ಎಳೆಯುತ್ತಿದ್ದಾರೆಂಬ ಗುಮಾನಿ ಹುಟ್ಟುತ್ತದೆ. 'ನಿಮ್ಮಲ್ಲಿ ನೀರು ಬಂತಾ?' ಎಂಬ ಪ್ರಶ್ನೆಯಲ್ಲಿ ವಿಚಾರಣೆ ಇರುತ್ತದೆ, ಆಪಾದನೆ ಇರುತ್ತದೆ, ಕೆಲವೊಮ್ಮೆ ಮಾತು ಬಿಟ್ಟವರು ಮತ್ತೆ ಮಾತು ಶುರುಮಾಡಲು ಹುಡುಕಿಕೊಂಡ ನೆಪವೂ ಇರುತ್ತದೆ. ಈ ಕಾದಂಬರಿಯಲ್ಲಿ ನೀರು ಬರುವುದು ಕಣ್ಣಲ್ಲಿ ಮಾತ್ರ.

ಮೈಸೂರಿನಲ್ಲಿ ಇಂಥ ಕಥೆಗೆ ಬೇಕಾದ ಸಾಮಗ್ರಿಗೆ ಬರವಿಲ್ಲ. ಪ್ಲೇಗಿನಿಂದ ಕಂಗೆಟ್ಟಿದ್ದ ಊರಿನ ಇಕ್ಕಟ್ಟನ್ನು ಬಿಡಿಸಿ ಹೊಸ ಬಡಾವಣೆಗಳನ್ನು ಕಟ್ಟಲೆಂದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಇಲ್ಲಿ ಸ್ಥಾಪನೆಯಾದದ್ದು 1903ರಲ್ಲಿ. ಅದರ ಜಾಗಕ್ಕೆ 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ ಬಂತು. ಅಗ್ರಹಾರದಲ್ಲಾಗಲಿ ಕೇರಿಯಲ್ಲಾಗಲಿ ಪಕ್ಕದ ಮನೆಯಲ್ಲಿ ಯಾರಿರಬೇಕೆಂಬುದನ್ನು ಜಾತಿ ಮೊದಲೇ ತೀರ್ಮಾನಿಸಿಬಿಡುತ್ತಿತ್ತು. ಅರ್ಜಿ ಹಾಕಿ, ಕಾದು, 30×40ರ ಸೈಟನ್ನು ಮಂಜೂರು ಮಾಡಿಸಿಕೊಂಡವರಿಗಾದರೋ ನೆರೆಯವರು ಯಾರೆಂದು ಗೊತ್ತಾಗುತ್ತಿದ್ದದ್ದು ಪಾಯ ತೋಡುವ ಹೊತ್ತಿಗೆ. ಹೀಗೆ ಹಂಚಿಕೆಯ ಪಟ್ಟಿಯಲ್ಲಿ ಅಕ್ಕಪಕ್ಕ ಬಿದ್ದವರು ಒಗ್ಗರಣೆಯ ವಾಸನೆಯಿಂದ, ಗೃಹಪ್ರವೇಶಕ್ಕೆ ಬಂದ ಪುರೋಹಿತರಿಂದ, ಹೊಸ್ತಿಲ ಮುಂದಿನ ರಂಗೋಲಿಯಿಂದ ಒಬ್ಬರನ್ನೊಬ್ಬರು ಅಳೆದು, ಎಷ್ಟು ದೂರದಲ್ಲಿರಬೇಕು, ಎಷ್ಟು ಹತ್ತಿರ ಬರಬಹುದು ಎಂಬುದನ್ನು ವರ್ಷಗಟ್ಟಲೆ ಕಲಿತರು. ನನ್ನ ಮಟ್ಟಿಗೆ ಬಡಾವಣೆಯ ಕಾದಂಬರಿಯೆಂದರೆ ಈ ಕಲಿಕೆಯ ಕಥೆ. ಈ ಲೇಖಕರು ಜಾತಿಯ ಹೆಸರನ್ನು ಎತ್ತದಿರುವುದೇ ಉದಾರತೆಯೆಂದು ಭಾವಿಸಿದಂತಿದೆ. 'ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಇಂದಿಗೂ ತೂಗುವ ಊರಿನಲ್ಲಿ ಅವರ ಸಾಫ್ಟ್‌ವೇರ್ ದಂಪತಿಗೆ ಅರ್ಧ ವಾಕ್ಯದಲ್ಲಿ ಮನೆ ಸಿಕ್ಕಿಬಿಡುತ್ತದೆ. 'ನೀವು ಯಾವ ಕಡೆಯವರು?' ಎಂದು ಆರಂಭವಾಗಿ, ಊರು, ಅಡ್ಡಹೆಸರು, ಮನೆದೇವರುಗಳನ್ನು ಬಳಸಿಕೊಂಡು ಅಸಲು ವಿಷಯಕ್ಕೆ ಬರುವ ಆ ಸಂದರ್ಶನವೊಂದನ್ನೇ ಬರೆದಿದ್ದರೂ ಒಂದು ಅಧ್ಯಾಯವಾಗುತ್ತಿತ್ತು.

ಲೇಖಕರಿಗೆ ಬರೆಯಲು ಬಾರದೆಂದು ನಾನು ಹೇಳುತ್ತಿಲ್ಲ. ಬ್ಯಾಂಕ್ ಅಧಿಕಾರಿಯ ಹೆಂಡತಿ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸುವ ಒಂದು ಸನ್ನಿವೇಶ ಈ ಪುಸ್ತಕದಲ್ಲಿದೆ. ಹಳೆಯ ಹಿತ್ತಾಳೆ ಪಾತ್ರೆಗಳ ನಡುವೆ ಒಂದು ಸ್ಟೀಲ್ ಡಬ್ಬಿ ಸಿಗುತ್ತದೆ. ತಿರುಗಿಸಿ ನೋಡಿದರೆ ತಳದಲ್ಲಿ ಕೆತ್ತಿಸಿರುವುದು ಎದುರು ಮನೆಯ ಅಜ್ಜಿಯ ಹೆಸರು. ಆ ಅಜ್ಜಿ ತೀರಿಕೊಂಡಿದ್ದಾರೆ, ಕಾಂಪೌಂಡು ಎತ್ತರಿಸಿದ ಜಗಳದಲ್ಲಿ ಎರಡೂ ಮನೆಗಳಿಗೆ ಮಾತು ನಿಂತಿದೆ. ಪರರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ತುಂಬಿಸಿ ಕೊಟ್ಟರೆ ಸೋತು ಬಂದಂತೆ. ಕೊಡದೆ ಇಟ್ಟುಕೊಂಡರೆ ಸತ್ತವರ ವಸ್ತು ಮನೆಯಲ್ಲುಳಿದಂತೆ. ಆಕೆ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ, ಒರೆಸುತ್ತಾರೆ, ಒಂದು ಹಿಡಿ ಸಕ್ಕರೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ. ಎರಡು ಪುಟಗಳ ಈ ಭಾಗವನ್ನು ನಾನು ಎರಡು ಸಲ ಓದಿದೆ. ಆ ಡಬ್ಬಿಯ ಕಥೆ ಮುಂದೇನಾಯಿತು ಎಂದರೆ, ಏನೂ ಆಗಲಿಲ್ಲ! ಆಕೆಗೆ ಅದನ್ನು ನೋಡಿ ತಮ್ಮ ತವರಿನ ಬಾಲ್ಯ ನೆನಪಾಗುತ್ತದೆ, ಆರು ಪುಟಗಳ ನೆನಪು ಮುಗಿಯುವ ಹೊತ್ತಿಗೆ ಲೇಖಕರು ಡಬ್ಬಿಯನ್ನು ಮರೆತಿರುತ್ತಾರೆ. ಹೊರಬಾಗಿಲವರೆಗೂ ಬಂದಿದ್ದ ಕಾದಂಬರಿ ಮತ್ತೆ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತದೆ.

ಮಾತುಕತೆಯ ವಿಷಯದಲ್ಲಿಯೂ ಇದೇ ತೊಂದರೆ. ಇಪ್ಪತ್ತು ವರ್ಷ ಎದುರುಬದುರಿದ್ದ ಹೆಂಗಸರು ಇಲ್ಲಿ ಒಬ್ಬರನ್ನೊಬ್ಬರು ಬರೀ ಹೆಸರು ಹಿಡಿದು ಕರೆದು, 'ನಿನ್ನ ಒಂಟಿತನ ನನಗೆ ಅರ್ಥವಾಗುತ್ತದೆ' ಎಂದು ಕೈಹಿಡಿಯುತ್ತಾರೆ. ನಮ್ಮ ಬೀದಿಗಳಲ್ಲಿ ಜನಕ್ಕೆ ಹೆಸರಿಗಿಂತ ಮೊದಲು ಮನೆಯ ಗುರುತು ಅಂಟಿಕೊಂಡಿರುತ್ತದೆ: ಮೂಲೆಮನೆಯವರು, ಬ್ಯಾಂಕಿನವರು, ಲೆಕ್ಚರರ್ ಮೇಡಂ, ಎದುರುಮನೆ ಆಂಟಿ. ದುಃಖವನ್ನು ಯಾರೂ ನೇರವಾಗಿ ಮುಟ್ಟುವುದಿಲ್ಲ. 'ಯಾಕ್ರೀ, ಮುಖ ಬಾಡಿದೆ, ಊಟ ಆಯ್ತಾ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಬಟ್ಟಲು ಹುಳಿ ತಂದಿಟ್ಟು ಹೋಗುತ್ತಾರೆ. ಊರಿನ ಚಿತ್ರಣವಂತೂ ಇನ್ನೂ ಅಲಕ್ಷ್ಯದ್ದು. ಕುವೆಂಪುನಗರದ ಮಹಡಿಯಲ್ಲಿ ನಿಂತ ನಾಯಕಿಗೆ ಚಾಮುಂಡಿ ಬೆಟ್ಟದ ಹಿಂದೆ ಸೂರ್ಯ ಮುಳುಗುವುದು ಕಾಣುತ್ತದೆ. ಬೆಟ್ಟವಿರುವುದು ಅಲ್ಲಿಂದ ಪೂರ್ವಕ್ಕೆ. ಪಂಚಮಂತ್ರ ರಸ್ತೆ, ಅನಿಕೇತನ ರಸ್ತೆ, ವಿಶ್ವಮಾನವ ಜೋಡಿರಸ್ತೆ ಎಂದು ಕುವೆಂಪು ಅವರ ಆದರ್ಶಗಳನ್ನೇ ಹೊತ್ತ ವಿಳಾಸಗಳನ್ನಿಟ್ಟುಕೊಂಡೇ ಜನ ಮನೆಯ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕಿನ ಮೂರಡಿಗಾಗಿ ವಕೀಲರ ಮನೆಗೆ ಅಲೆಯುವ ವಿಪರ್ಯಾಸ ಇವರ ಕಣ್ಣಿಗೆ ಬಿದ್ದೇ ಇಲ್ಲ.

ದಸರೆಯ ಅಧ್ಯಾಯವೂ ಹಾಗೆಯೇ. ಪಾತ್ರಗಳು ಜಂಬೂಸವಾರಿಯನ್ನು ಟಿವಿಯಲ್ಲಿ ನೋಡಿ ನಿಟ್ಟುಸಿರು ಬಿಡುತ್ತವೆ. ನವರಾತ್ರಿಯಲ್ಲಿ 'ಗೊಂಬೆ ಕೂರಿಸಿದ್ದೀರಾ?' ಎಂದು ಮನೆಮನೆಗೆ ನುಗ್ಗುವ ಮಕ್ಕಳಿಲ್ಲ, ಯಾರನ್ನು ಅರಿಶಿನ ಕುಂಕುಮಕ್ಕೆ ಕರೆದರು, ಯಾರನ್ನು ಬಿಟ್ಟರು ಎಂಬ ಲೆಕ್ಕವಿಲ್ಲ.

ಗೃಹಜೀವನದ ಕಾದಂಬರಿಯೆಂದರೆ ಒಳಮನಸ್ಸನ್ನು ತೋಡುವುದೇ ಅಲ್ಲವೇ ಎಂದು ಯಾರಾದರೂ ವಾದಿಸಬಹುದು. ಇದೇ ಮೈಸೂರಿನಲ್ಲಿದ್ದು ಬರೆದ ತ್ರಿವೇಣಿಯವರಿಗಿಂತ (1928–1963) ಆಳವಾಗಿ ಮಧ್ಯಮವರ್ಗದ ಹೆಣ್ಣಿನ ಮನಸ್ಸನ್ನು ತೋಡಿದವರು ಎಷ್ಟು ಮಂದಿ? ಆದರೂ 'ಶರಪಂಜರ'ದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳಿದ ಮೇಲೆ ಅವಳನ್ನು ಮತ್ತೆ ಮುರಿಯುವುದು ಅವಳ ಮನಸ್ಸಿನೊಳಗಿನ ಕತ್ತಲೆಯಷ್ಟೇ ಅಲ್ಲ, ಅವಳನ್ನು ಹುಚ್ಚಿಯೆಂದೇ ನೋಡುವ ಸುತ್ತಲಿನವರ ಕಣ್ಣು. ಅಲ್ಲಿ ಹೊರಗಿನವರು ಒಳಗಿನ ಗತಿಯನ್ನು ಬದಲಿಸುತ್ತಾರೆ. ನಾನು ಹೇಳುತ್ತಿರುವ ಕಾದಂಬರಿಯಲ್ಲಿ ಆರು ಮನೆಗಳಲ್ಲಿ ಐದನ್ನು ತೆಗೆದುಹಾಕಿದರೂ ಉಳಿದ ಒಂದರ ಕಥೆಯಲ್ಲಿ ಒಂದು ಸಾಲೂ ಬದಲಾಗುವುದಿಲ್ಲ.

ಕೊನೆಯಲ್ಲಿ ಆ ಒಂಟಿ ಹಿರಿಯರು ಮನೆ ಮಾರಿ ಮಗನ ಬಳಿಗೆ ಹೊರಡುತ್ತಾರೆ. ಸಾಮಾನು ಕಟ್ಟುವುದು, ಗೋಡೆಯ ಮೇಲೆ ಉಳಿದ ಫೋಟೋದ ಗುರುತು, ಗೇಟಿನ ಬಳಿ ಕಣ್ಣೀರು, ಇವುಗಳಿಗೆ ಇಪ್ಪತ್ತು ಪುಟಗಳು ಸಂದಿವೆ. ಇಂಥ ಸುದ್ದಿ ಹೊರಬಿದ್ದ ಗಳಿಗೆಯಲ್ಲೇ ಹಾಲಿನ ಬೂತಿನಿಂದ ಹಿಡಿದು ಇಸ್ತ್ರಿ ಗಾಡಿಯವರೆಗೆ ಇಡೀ ರಸ್ತೆ ಕೇಳುವ ಪ್ರಶ್ನೆ ಒಂದೇ: 'ಯಾರು ತಗೊಂಡ್ರಂತೆ? ಎಷ್ಟಕ್ಕೆ ಹೋಯ್ತಂತೆ?' ಉಳಿದ ಐದು ಮನೆಗಳಲ್ಲಿ ಒಬ್ಬರಾದರೂ ಅದನ್ನು ಕೇಳುತ್ತಾರೇನೋ ಎಂದು ಕೊನೆಯ ಪುಟದವರೆಗೂ ಕಾದೆ, ಯಾರೂ ಕೇಳಲಿಲ್ಲ.