ಕೆಂಪು ದೀಪ ಯಾಕೆ ಮಂಕಾಯ್ತು?

ಇಪ್ಪತ್ತು ಕಿಕ್‌ವರೆಗೆ ಲೆಕ್ಕ ಇಟ್ಟಿದ್ದೆ, ಆಮೇಲೆ ಬಿಟ್ಟೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು. ಹತ್ತಾದರೂ ಜಾವಾ ಒಂದು ಸಲ ಕೂಡ ಕೆಮ್ಮಲಿಲ್ಲ.

ಬೈಕು ಮಾವನದ್ದು. ಅಮ್ಮನ ತಮ್ಮ. ವರ್ಷಗಟ್ಟಲೆ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ 353 ಮಾಡೆಲ್ ಅದು, 250 ಸಿಸಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಗೇರ್ ಹಾಕೋ ಲಿವರೇ ಕಿಕ್ಕರ್ ಕೂಡ: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಕೆಳಗಿಳಿಸಿದರೆ ಗೇರ್. ಅದೇ ಲಿವರ್ ಒತ್ತಿದಾಗ ಕ್ಲಚ್ಚೂ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಒಂದು ಕಬ್ಬಿಣದ ತುಂಡಿಗೆ ಮೂರು ಕೆಲಸ ಕೊಟ್ಟವರ ಬಗ್ಗೆ ನನಗೆ ಈಗಲೂ ಬೆರಗು. ಜಾವಾ ಅನ್ನೋ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧ ಇಲ್ಲ. ಕಂಪನಿ ಕಟ್ಟಿದ ಜೆಕ್ ಮನುಷ್ಯ ಯಾನೆಚೆಕ್ (Janeček) ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರ, 1929ರಲ್ಲಿ ಯಾರ ಡಿಸೈನ್ ತಗೊಂಡು ಮೊದಲ ಬೈಕ್ ಮಾಡಿದರೋ ಆ ವಾಂಡರರ್ (Wanderer) ಕಂಪನಿ ಹೆಸರಿನ ಮೊದಲೆರಡು ಅಕ್ಷರ, ಎರಡೂ ಸೇರಿ ಜಾವಾ. ಇದನ್ನು ನನಗೆ ಹೇಳಿದ್ದೂ ಮಾವನೇ, ಕನಿಷ್ಠ ಐವತ್ತು ಸಲ.

14 ತಿಂಗಳು ಮನೆಯ ಶೆಡ್‌ನಲ್ಲೇ ಕೆಲಸ ನಡೆಯಿತು. ಒಂದೊಂದು ನಟ್ಟು ಬಿಚ್ಚಿದಾಗಲೂ ಫೋಟೋ ತೆಗೆದು, ಹಳೇ ಡಬ್ಬಗಳಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿದ್ದೆ. ಹೊಸ ಬೇರಿಂಗ್, ಹೊಸ ಆಯಿಲ್ ಸೀಲ್, ಬೋರ್ ಮಾಡಿಸಿದ ಸಿಲಿಂಡರ್‌ಗೆ ಅಳತೆ ನೋಡಿ ತಂದ ಪಿಸ್ಟನ್. ಇದರಲ್ಲೆಲ್ಲ ನಾನು ಹುಷಾರಾಗಿಯೇ ಇದ್ದೆ. ಆದರೆ ನಿಜ ಹೇಳಬೇಕಂದ್ರೆ ಮನಸ್ಸೆಲ್ಲ ಇದ್ದದ್ದು ಬಣ್ಣದ ಮೇಲೆ. ಫ್ರೇಮನ್ನು ಪೌಡರ್ ಕೋಟಿಂಗ್‌ಗೆ ಕೊಟ್ಟಾಗ ಅಲ್ಲಿನ ಹುಡುಗ, "ಸರ್, ಎಂಜಿನ್ ಕೂರೋ ಜಾಗಕ್ಕೆಲ್ಲ ಟೇಪ್ ಸುತ್ತಿ ಬಿಡ್ಲಾ?" ಅಂತ ಕೇಳಿದ್ದ. ಬೇಡಪ್ಪಾ, ಒಂದಿಂಚೂ ಬಿಡದೆ ಹೊಡಿ, ತುಕ್ಕು ಹಿಡೀಬಾರದು ಅಂದಿದ್ದೆ. ದೊಡ್ಡ ಬುದ್ಧಿವಂತನ ಥರ.

ಆವತ್ತು ಬೆಳಿಗ್ಗೆ ಆ ಮಾತು ತಲೆಗೇ ಬರಲಿಲ್ಲ. ಎಲ್ಲರೂ ಮಾಡೋದನ್ನೇ ಮಾಡಿದೆ. ಪ್ಲಗ್ ಬಿಚ್ಚಿದೆ, ಪೆಟ್ರೋಲಲ್ಲಿ ತೊಯ್ದಿತ್ತು. ಅಂದರೆ ಪೆಟ್ರೋಲ್ ಬರ್ತಾ ಇದೆ, ಉರೀತಾ ಇಲ್ಲ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಪ್ಲಗ್ ಇಲ್ಲದೇ ಹತ್ತು ಕಿಕ್ ಹೊಡೆದು ಒಳಗಿದ್ದದ್ದನ್ನೆಲ್ಲ ಹೊರಗೆ ಹಾರಿಸಿದೆ. ಪ್ಲಗ್ಗನ್ನು ಒರೆಸಿ, ಪ್ಲಗ್ ತೂತಿನಿಂದ ದೂರ ಹಿಡಿದು, ಸಿಲಿಂಡರ್ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಬಂತು. ಸಣ್ಣದು, ಹಳದಿ ಬಣ್ಣದ್ದು. ಬಂತಲ್ಲ ಅಂತ ಸಮಾಧಾನ ಮಾಡಿಕೊಂಡೆ. ತಪ್ಪಿದ್ದು ಅಲ್ಲೇ. ಹೊರಗಿನ ಗಾಳಿಯಲ್ಲಿ ಕಿಡಿ ಹಾರೋದು ಸುಲಭ. ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಂಡಿರುತ್ತದೆ, ಅಷ್ಟೇ ಗ್ಯಾಪ್ ದಾಟಲು ಅಲ್ಲಿ ಇನ್ನೂ ಜಾಸ್ತಿ ವೋಲ್ಟೇಜ್ ಬೇಕು. ಹೊರಗೆ ಹಾರಿದ ಬಡಕಲು ಕಿಡಿ ಒಳಗೆ ಸತ್ತೇ ಹೋಗಬಹುದು.

ಪಾಯಿಂಟ್ ಅಂದರೆ ಎಂಜಿನ್ ತಿರುಗಿದಂತೆ ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಪುಟ್ಟ ಸ್ವಿಚ್. ಅದರ ಗ್ಯಾಪ್ ನೋಡಿದೆ, ಫೀಲರ್ ಗೇಜಲ್ಲಿ ಸರಿಯಾಗಿ 0.4 ಮಿಲಿಮೀಟರ್. ಕಂಡೆನ್ಸರ್ ಬದಲಾಯಿಸಿದೆ. ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರೋ ಮಟ್ಟಕ್ಕೆ ಏರಿಸೋ ಕಾಯಿಲ್ ಬದಲಾಯಿಸಿದೆ. ಕಾರ್ಬೊರೇಟರ್ ಮೂರನೇ ಸಲ ಬಿಚ್ಚಿ ಜೆಟ್ ಊದಿದೆ, ಅದರಲ್ಲಿ ಏನೂ ಕಸ ಇಲ್ಲ ಅಂತ ಗೊತ್ತಿದ್ದೂ ಸುಮ್ನೆ. ಬಲಗಾಲಿನ ಮೀನಖಂಡ ನಡುಗೋಕೆ ಶುರುವಾಗಿತ್ತು.

ಮಾವ ಹನ್ನೊಂದಕ್ಕೆ ಬಂದರು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬೈಕಿನ ಮುಂದೆ ಕೂತರು. ಸಲಹೆ ಕೊಡಲಿಲ್ಲ, ಅದೇ ಪುಣ್ಯ. ಸ್ವಲ್ಪ ಹೊತ್ತು ನೋಡಿ, "ಲೋ, ಕಿಕ್ ಹೊಡೀಬೇಡ. ಕೀಲಿ ಹಾಕಿ ಲಿವರನ್ನ ಕೈಯಲ್ಲಿ ನಿಧಾನಕ್ಕೆ ಒತ್ತು" ಅಂದರು.

"ಯಾಕೆ ಮಾವ?"

"ಒತ್ತೋ ನೀನು."

ಒತ್ತಿದೆ. ಹೆಡ್‌ಲೈಟ್ ಮೇಲೆ ಚಾರ್ಜಿಂಗ್ ತೋರಿಸೋ ಪುಟ್ಟ ಕೆಂಪು ದೀಪ ಇದೆ. ಎಂಜಿನ್ ತಿರುಗುತ್ತಾ ಹೋದ ಹಾಗೆ ಅದು ಮಂಕಾಯಿತು. ಇನ್ನೂ ಸ್ವಲ್ಪ ಒತ್ತಿದೆ, ಪಟ್ಟಂತ ಬೆಳಗಿತು. ಮತ್ತೆ ಮಂಕು, ಮತ್ತೆ ಬೆಳಕು.

"ನನ್ನ ಕಾಲದಲ್ಲಿ ಇದು ಹಿಂಗೆ ಆಡ್ತಿರಲಿಲ್ಲ" ಅಂದರು. ಅಷ್ಟೇ. ಕಾರಣ ಅವರಿಗೂ ಗೊತ್ತಿರಲಿಲ್ಲ, ಆದರೆ ದೀಪ ಹೇಗಿರಬೇಕು ಅಂತ ಅವರ ಕಣ್ಣಿಗೆ ಗೊತ್ತಿತ್ತು.

ಬ್ಯಾಟರಿ ವೀಕಾ? ಹೆಡ್‌ಲೈಟ್ ಹಾಕಿ ಮತ್ತೆ ಲಿವರ್ ಒತ್ತಿದೆ. ಅದು ಒಂದೇ ಸಮ ಉರಿಯಿತು, ಕೆಂಪು ದೀಪ ಮಾತ್ರ ಕುಣಿಯಿತು. ಆಗ ಹೊಳೆಯಿತು. ಹೆಡ್‌ಲೈಟಿನ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ, ನೇರ ಫ್ರೇಮಿಗೆ. ಕೆಂಪು ದೀಪದ್ದು ಡೈನಮೋ ಮೂಲಕ ಎಂಜಿನ್ನಿಗೆ, ಅಲ್ಲಿಂದ ಫ್ರೇಮಿಗೆ. ಪಾಯಿಂಟಿನದ್ದೂ ಎಂಜಿನ್ನಿಗೇ. ಪಾಯಿಂಟ್ ಮುಚ್ಚಿ ಕಾಯಿಲ್ ಕರೆಂಟ್ ಎಳೆದಾಗೆಲ್ಲ ದೀಪ ಮಂಕಾಗುತ್ತಿದೆ ಅಂದರೆ, ಇಬ್ಬರೂ ಹೋಗೋ ಒಂದೇ ದಾರಿ ಎಲ್ಲೋ ಇಕ್ಕಟ್ಟಾಗಿದೆ.

ಮಲ್ಟಿಮೀಟರ್ ತಂದೆ. ಒಂದು ತುದಿ ಬ್ಯಾಟರಿಯ ಅರ್ತ್‌ಗೆ, ಇನ್ನೊಂದು ಎಂಜಿನ್ ಮೈಗೆ. ಪಾಯಿಂಟ್ ತೆರೆದಿದ್ದಾಗ 0.2 ವೋಲ್ಟ್. ಮುಚ್ಚಿದಾಗ 1.9! ಹೆಚ್ಚೂಕಡಿಮೆ ಸೊನ್ನೆ ಇರಬೇಕಾದ ಜಾಗ ಅದು. 12 ವೋಲ್ಟಿನ ಬೈಕಾಗಿದ್ದರೆ ಹೇಗೋ ಸುಧಾರಿಸಿಕೊಂಡು ಸ್ಟಾರ್ಟ್ ಆಗುತ್ತಿತ್ತೇನೋ. ಇದು 6 ವೋಲ್ಟ್. 18 ವ್ಯಾಟ್ ಬೇಕು ಅಂದರೆ 12 ವೋಲ್ಟಲ್ಲಿ ಒಂದೂವರೆ ಆಂಪಿಯರ್ ಸಾಕು, 6ರಲ್ಲಿ ಮೂರು ಆಂಪಿಯರ್ ಹರಿಯಬೇಕು. ಕರೆಂಟ್ ಜಾಸ್ತಿಯಾದಷ್ಟೂ ಕೆಟ್ಟ ಜಾಯಿಂಟಿನಲ್ಲಿ ಸೋರಿಹೋಗೋ ವೋಲ್ಟೇಜೂ ಜಾಸ್ತಿ, ಸೋರೋಕೆ ಇರೋದೇ ಬರೀ ಆರು ಬೇರೆ. ಕಾಯಿಲ್ ಪಾಪ ನಾಲ್ಕು ವೋಲ್ಟಲ್ಲಿ ಉಪವಾಸ ಮಾಡ್ತಾ ಇತ್ತು.

ಪೌಡರ್ ಕೋಟಿಂಗ್ ಅಂದರೆ ಸುಟ್ಟು ಗಟ್ಟಿಯಾದ ಪ್ಲಾಸ್ಟಿಕ್ ಪದರ ಇದ್ದಂತೆ. ಕರೆಂಟ್ ದಾಟಿಸಲ್ಲ. ಎಂಜಿನ್ನನ್ನು ನಾನು ಮುದ್ದಾಗಿ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಸಿಗೆ ಮೇಲೆ ಮಲಗಿಸಿದ್ದೆ. ಬೋಲ್ಟ್‌ಗಳು ಅಲ್ಲಲ್ಲಿ ಕೆರೆದುಕೊಂಡು ತಾಗಿದ್ದರಿಂದ ಅಷ್ಟಾದರೂ ಹರಿಯುತ್ತಿತ್ತು.

ಮುಂದಿನದು ಸ್ವಲ್ಪ ಸಂಕಟದ ಕೆಲಸ. ಮುಂದಿನ ಬೋಲ್ಟ್ ತೆಗೆದು, ತೂತಿನ ಸುತ್ತ ಚಾಕುವಿನ ತುದಿಯಿಂದ ಕೆರೆದೆ. ಕನ್ನಡಿಯಂಥ ಕಡುಗೆಂಪು ಚಕ್ಕೆ ಚಕ್ಕೆಯಾಗಿ ಎದ್ದು ಬೆರಳಿಗೆ ಅಂಟಿತು. ಎಮರಿ ಪೇಪರಲ್ಲಿ ಉಜ್ಜಿದ ಮೇಲೆ ಉಂಗುರದಷ್ಟು ಬಿಳಿ ಕಬ್ಬಿಣ ಕಂಡಿತು. ಹಿಂದಿನದಕ್ಕೂ ಅದೇ ಶಾಸ್ತಿ. ತುಕ್ಕು ಬಾರದಿರಲಿ ಅಂತ ತೆಳ್ಳಗೆ ವ್ಯಾಸಲಿನ್ ಸವರಿ ಬಿಗಿದೆ. ಅದೂ ಸಾಲದು ಅಂತ ಎಂಜಿನ್ನಿನ ಒಂದು ಸ್ಕ್ರೂನಿಂದ ಬ್ಯಾಟರಿಯ ಅರ್ತ್‌ಗೆ ದಪ್ಪ ವೈರ್ ಎಳೆದೆ. ಕಂಪನಿಯಿಂದ ಬಂದಾಗ ಅದು ಇರಲಿಲ್ಲ, ಶುದ್ಧವಾದಿಗಳು ಮೂಗು ಮುರಿಯಲಿ. ಮೀಟರ್ ಈಗ 0.05 ತೋರಿಸಿತು. ಪ್ಲಗ್ ತಾಗಿಸಿ ನೋಡಿದರೆ ನೀಲಿ ಕಿಡಿ, ಚಟ್ ಅಂತ ಸದ್ದು ಬೇರೆ.

ಎರಡನೇ ಕಿಕ್‌ಗೆ ಹಿಡಿಯಿತು. ಜೋಡಿಸುವಾಗ ಒಳಗೆ ಹಾಕಿದ್ದ ಎಣ್ಣೆಯೆಲ್ಲ ಉರಿದು ಶೆಡ್ ತುಂಬ ಬಿಳಿ ಹೊಗೆ. ಮಾವ ಕೆಮ್ಮುತ್ತಾ ಕುರ್ಚಿಯಿಂದ ಎದ್ದು, ಏನೂ ಮಾತಾಡದೆ ಹ್ಯಾಂಡಲ್ ಹಿಡಿದು ಆ್ಯಕ್ಸಿಲರೇಟರ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಿಂತರು. ನಾನು ಫೋನ್ ತೆಗೆದು ವಿಡಿಯೋ ಮಾಡೋಕೆ ಶುರು ಮಾಡಿದೆ.

ಒಂದು ನಿಮಿಷ ಆಗಿರಬಹುದು. ಎಂಜಿನ್ ಸದ್ದು ಸಣ್ಣಗಾಯಿತು, ಎರಡು ಸಲ ಮುಗ್ಗರಿಸಿತು, ನಿಂತೇ ಹೋಯಿತು. ನನ್ನ ಎದೆ ಧಸಕ್ಕಂತು. ಇನ್ನೇನು ಬಿಚ್ಚಬೇಕು, ಎಲ್ಲಿಂದ ಶುರು ಮಾಡಬೇಕು ಅಂತ ತಲೆ ಓಡುತ್ತಿರುವಾಗ ಮಾವ ಬಗ್ಗಿ ಟ್ಯಾಂಕಿನ ಕೆಳಗೆ ಕೈ ಹಾಕಿದರು.

"ಪೆಟ್ರೋಲ್ ಕಾಕ್ ಬಂದ್ ಮಾಡಿಟ್ಟಿದ್ದೀಯಲ್ಲೋ" ಅಂದರು.