ರಜೆ ಚೀಟಿಗೆ ಸಹಿ ಹಾಕುವವರು ಯಾರು?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡಿದೆ. ವಾಹನಗಳ ಗೇರ್‌ಬಾಕ್ಸಿಗೆ ಬೇಕಾದ ಶಾಫ್ಟು, ಗೇರುಗಳನ್ನು ತಯಾರಿಸುತ್ತಿದ್ದ ಆ ಕಾರ್ಖಾನೆ ಮೂರು ಪಾಳಿಗಳಲ್ಲಿ ನಡೆಯುತ್ತಿತ್ತು. ಕಾಯಂ ನೌಕರರು ಸುಮಾರು 280, ಗುತ್ತಿಗೆಯವರು ಸುಮಾರು 120. ಅಲ್ಲಿ 2014ರಲ್ಲಿ ನಡೆದ ಪುನಾರಚನೆಯ ಬಗ್ಗೆ ಬರೆಯುತ್ತಿದ್ದೇನೆ. ಅದರ ಕರಡು ಸಿದ್ಧವಾದದ್ದು ನನ್ನ ಮೇಜಿನ ಮೇಲೆಯೇ ಆದ್ದರಿಂದ ಅದರ ತಪ್ಪುಗಳಲ್ಲಿ ನನ್ನ ಪಾಲು ಸಣ್ಣದೇನಲ್ಲ.

ಆಗ ನಮ್ಮಲ್ಲಿ ಯಂತ್ರದ ಮುಂದೆ ನಿಂತ ಆಪರೇಟರ್‌ನಿಂದ ಎಂ.ಡಿ.ಯವರೆಗೆ ಹತ್ತು ಮೆಟ್ಟಿಲುಗಳಿದ್ದವು. ಇಷ್ಟು ಮೆಟ್ಟಿಲು ಬೇಕೆಂದು ಯಾರೂ ಕುಳಿತು ನಿರ್ಧರಿಸಿರಲಿಲ್ಲ. ಆಪರೇಟರುಗಳ ವೇತನ ಕಾರ್ಮಿಕ ಸಂಘದೊಡನೆ ಆಗುವ ಒಪ್ಪಂದದಲ್ಲಿ ನಿಗದಿಯಾಗುತ್ತಿತ್ತು. ಅವರ ಮೇಲಿನವರ ಇನ್‌ಕ್ರಿಮೆಂಟು ಮಾತ್ರ ಆಡಳಿತದ ಮರ್ಜಿಗೆ ಬಿಟ್ಟದ್ದಾಗಿತ್ತು. ವಾಹನ ಉದ್ಯಮ ಕುಗ್ಗಿದ 2008–09ರಂತಹ ವರ್ಷಗಳಲ್ಲಿ ಹಣ ಕೊಡಲಾಗದೆ, ಒಳ್ಳೆಯ ಕೆಲಸಗಾರ ಬಿಟ್ಟುಹೋಗಬಾರದೆಂದು ಅವನಿಗೆ ಹೊಸ ಹೆಸರಿನ ಹುದ್ದೆಯೊಂದನ್ನು ಕೊಡುತ್ತಿದ್ದೆವು. ಹುದ್ದೆ ಬಂದ ಮೇಲೆ ಅದರ ಕೆಳಗೆ ನಾಲ್ಕು ಜನ ಬೇಡವೇ? ಹೀಗೆ ಸಂಬಳದ ಬದಲು ಕೊಟ್ಟ ಬಡ್ತಿಗಳೇ ಕ್ರಮೇಣ ಮೆಟ್ಟಿಲುಗಳಾಗಿ ನಿಂತವು.

ಇನ್ನೊಂದು ಕಾರಣವೂ ಇತ್ತು, ಅದನ್ನು ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ, ಮೇಲ್ವಿಚಾರಣೆಯ ಕೆಲಸ ಮಾಡುತ್ತ ನಿಗದಿತ ಮಿತಿಗಿಂತ ಹೆಚ್ಚು ವೇತನ ಪಡೆಯುವವರು 'ಕಾರ್ಮಿಕ' ಎಂಬ ವ್ಯಾಖ್ಯೆಯಿಂದ ಹೊರಗುಳಿಯುತ್ತಿದ್ದರು. ಆ ಮಿತಿ 2010ರವರೆಗೆ ತಿಂಗಳಿಗೆ 1,600 ರೂಪಾಯಿ ಇದ್ದದ್ದು ತಿದ್ದುಪಡಿಯಾಗಿ 10,000 ಆಯಿತು. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು 18,000. ಚುರುಕಾದ ಹುಡುಗನೊಬ್ಬನನ್ನು ಸೂಪರ್‌ವೈಸರ್ ಎಂದು ಕರೆದರೆ ಸಂಘದಿಂದ ಒಬ್ಬ ಕಡಿಮೆಯಾಗುತ್ತಾನೆ ಎಂಬ ಲೆಕ್ಕಾಚಾರ ಹಲವು ಕಾರ್ಖಾನೆಗಳಲ್ಲಿ ಇದ್ದಂತೆ ನಮ್ಮಲ್ಲೂ ಇತ್ತು. ಆದರೆ ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ಆತನ ಮುಖ್ಯ ಕೆಲಸ ಏನೆಂಬುದನ್ನು. ನಮ್ಮ 31 ಮಂದಿ ಲೈನ್ ಲೀಡರ್ ಮತ್ತು ಸೂಪರ್‌ವೈಸರುಗಳಲ್ಲಿ 11 ಮಂದಿ ಪಾಳಿಯ ಹೆಚ್ಚಿನ ಹೊತ್ತು ಸ್ವತಃ ಯಂತ್ರ ನಡೆಸುತ್ತಿದ್ದರು.

ಸಲಹಾ ಸಂಸ್ಥೆಯೊಂದು ಬಂದು ಆರು ವಾರ ಅಧ್ಯಯನ ಮಾಡಿ, ಹತ್ತು ಮೆಟ್ಟಿಲುಗಳನ್ನು ಐದಕ್ಕೆ ಇಳಿಸಬೇಕೆಂದು ವರದಿ ಕೊಟ್ಟಿತು. ಲೈನ್ ಲೀಡರ್, ಸೂಪರ್‌ವೈಸರ್ ಹುದ್ದೆಗಳೆರಡೂ ರದ್ದಾಗಿ, ನಾಲ್ಕು ಸೆಲ್‌ಗಳಾಗಿ (ಉತ್ಪಾದನಾ ಘಟಕಗಳಾಗಿ) ವಿಂಗಡಿಸಿದ ಕಾರ್ಖಾನೆಯಲ್ಲಿ ಪ್ರತಿ ಸೆಲ್‌ನ 54 ಜನ ನೇರವಾಗಿ ಒಬ್ಬ ಮ್ಯಾನೇಜರ್ ಕೆಳಗೆ ಬಂದರು. ಒಬ್ಬ ಮೇಲಧಿಕಾರಿಯ ಕೆಳಗಿನ ಸಂಬಂಧಗಳನ್ನು 1933ರಲ್ಲೇ ಗ್ರೈಕ್ಯೂನಸ್ ಎಂಬ ಸಲಹೆಗಾರರು ಗಣಿತದಿಂದ ಲೆಕ್ಕ ಹಾಕಿದ್ದರು: ಅವನಿಗೂ ಪ್ರತಿಯೊಬ್ಬರಿಗೂ ಇರುವ ಸಂಬಂಧ, ಗುಂಪುಗಳೊಡನೆ ಇರುವ ಸಂಬಂಧ, ಕೆಳಗಿನವರ ನಡುವೆಯೇ ಇರುವ ಸಂಬಂಧ ಎಲ್ಲವನ್ನೂ ಕೂಡಿದರೆ ಐವರಿಗೆ 100, ಆರನೆಯವನು ಸೇರಿದ ಕೂಡಲೇ 222. ಅಷ್ಟೆಲ್ಲ ಸಂಬಂಧಗಳು ದಿನವೂ ಕೆಲಸಕ್ಕೆ ಬರುವುದಿಲ್ಲ ಎಂಬುದು ನಿಜವಾದರೂ, 54 ಎಂಬ ಸಂಖ್ಯೆಯ ಎದುರು ನಾನು ಒಂದು ನಿಮಿಷವಾದರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪಾಳಿಯ ವೇಳೆ ಬದಲಾಗುತ್ತಿದ್ದುದರಿಂದ ಆಗ ಜಾರಿಯಲ್ಲಿದ್ದ 1947ರ ಕಾಯ್ದೆಯ 9ಎ ಕಲಮಿನ ಪ್ರಕಾರ 21 ದಿನಗಳ ನೋಟಿಸು ಕೊಟ್ಟೆವು. ಯಾರನ್ನೂ ಕೆಲಸದಿಂದ ತೆಗೆಯದೆ 31 ಜನರನ್ನೂ ಗುಣಮಟ್ಟ, ಯೋಜನೆ, ಟೂಲ್ ರೂಂ ಎಂದು ಹಂಚಿದೆವು. ಕಾನೂನಿನ ದೃಷ್ಟಿಯಿಂದ ಎಲ್ಲವೂ ಸರಿಯಾಗಿತ್ತು. ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಮೂರನೆಯ ವಾರಕ್ಕೆ ನನ್ನ ಕೋಣೆಯ ಮುಂದೆ ಸಾಲು ಶುರುವಾಯಿತು. ಮಸ್ಟರಿನಲ್ಲಿ (ಹಾಜರಿ ಪುಸ್ತಕದಲ್ಲಿ) ಓ.ಟಿ. (ಹೆಚ್ಚುವರಿ ಅವಧಿಯ ಕೆಲಸ) ಎರಡು ಗಂಟೆ ಬಿಟ್ಟುಹೋಗಿದೆ, ಮನೆಯಲ್ಲಿ ಗೃಹಪ್ರವೇಶ, ಮುಂಗಡ ಬೇಕು, ಬಸ್ಸು ತಪ್ಪಿ ಹತ್ತು ನಿಮಿಷ ತಡವಾದದ್ದಕ್ಕೆ ಅರ್ಧ ದಿನ ಹೋಗಿದೆ. ಎಲ್ಲರದೂ ಒಂದೇ ಪ್ರಶ್ನೆ: "ಇದನ್ನ ಯಾರನ್ನ ಕೇಳಬೇಕು ಸಾರ್?" ಸೆಲ್ ಮ್ಯಾನೇಜರ್ ಇರುತ್ತಿದ್ದದ್ದು ಹಗಲಿನ ಜನರಲ್ ಪಾಳಿಯಲ್ಲಿ. ರಾತ್ರಿ ಪಾಳಿಯಲ್ಲಿ ಕಂಪ್ಯೂಟರಿನಿಂದ ನಡೆಯುವ ಸಿ.ಎನ್‌.ಸಿ. ಯಂತ್ರದ ಇನ್‌ಸರ್ಟು (ಲೋಹ ಕತ್ತರಿಸುವ ಅಲಗು) ಮುರಿದರೆ ಸ್ಟೋರ್ಸಿನ ಇಂಡೆಂಟಿಗೆ (ಸಾಮಾನು ಕೇಳುವ ಚೀಟಿಗೆ) ಸಹಿ ಮಾಡುವವರೇ ಇಲ್ಲದೆ ಯಂತ್ರ ಬೆಳಗಿನವರೆಗೆ ಸುಮ್ಮನೆ ನಿಂತಿರುತ್ತಿತ್ತು.

ಗೌರಿ–ಗಣೇಶ ಹಬ್ಬ ಬಂದಾಗ ಪೆಟ್ಟು ಜೋರಾಗಿಯೇ ಬಿತ್ತು. ಹಿಂದೆಲ್ಲ ಹಬ್ಬಕ್ಕೆ ಊರಿಗೆ ಯಾರು ಹೋಗಬೇಕು, ಯಾರು ಮುಂದಿನ ಹಬ್ಬದವರೆಗೆ ಕಾಯಬೇಕು ಎಂಬುದನ್ನು ಸೂಪರ್‌ವೈಸರುಗಳು ತಮ್ಮೊಳಗೇ ತೂಗಿ ನೋಡಿ ತೀರ್ಮಾನಿಸುತ್ತಿದ್ದರು. ಆ ವರ್ಷ ಮ್ಯಾನೇಜರ್, ಬಂದ ಅರ್ಜಿಗಳನ್ನು ಬಂದ ಕ್ರಮದಲ್ಲೇ ಕಂಪ್ಯೂಟರಿನಲ್ಲಿ ಮಂಜೂರು ಮಾಡಿದರು. ಹಬ್ಬದ ಮರುದಿನ ಎರಡನೆಯ ಪಾಳಿಗೆ ಬಂದು ನೋಡಿದರೆ, ಗೇರುಗಳನ್ನು ಹದಗೊಳಿಸುವ ಫರ್ನೇಸ್ ನಡೆಸಬಲ್ಲ ಇಬ್ಬರೂ ರಜೆಯಲ್ಲಿದ್ದರು. ಎರಡು ದಿನ ಫರ್ನೇಸ್ ನಡೆಯಲಿಲ್ಲ, ಗ್ರಾಹಕರ ಲೋಡು ಹೊರಡಲಿಲ್ಲ. ಗುಣಮಟ್ಟ ವಿಭಾಗಕ್ಕೆ ಹೋಗಿದ್ದ ಹಿರಿಯ ಸೂಪರ್‌ವೈಸರ್ ಒಬ್ಬರನ್ನು ಕರೆದು, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಅವರು ಹೇಳಿದರು: "ಅವರಿಬ್ಬರಿಗೂ ಒಟ್ಟಿಗೆ ರಜ ಕೊಡಬಾರದು ಅಂತ ಎಲ್ಲೂ ಬರೆದಿರಲಿಲ್ಲ ಸಾರ್. ನಂಗೆ ಗೊತ್ತಿತ್ತು, ಅಷ್ಟೆ. ನೀವು ಕೇಳಿದ್ರೆ ಹೇಳ್ತಿದ್ದೆ."

ಅವರ ಜೊತೆಯಲ್ಲೇ ಎರಡು ವಾರ ಶಾಪ್ ಫ್ಲೋರಿನಲ್ಲಿ ಕಳೆದೆ. ಯಾರು ಯಾರಿಗೆ ವರದಿ ಮಾಡುತ್ತಾರೆ ಎಂಬ ನಕ್ಷೆಯನ್ನು ಬದಿಗಿಟ್ಟು, ಒಂದು ದಿನದಲ್ಲಿ ಯಾವ ಯಾವ ವಿಷಯಕ್ಕೆ ಯಾರಾದರೂ ಒಬ್ಬರು 'ಹೂಂ' ಅನ್ನಬೇಕಾಗುತ್ತದೆ ಎಂದು ಬರೆದುಕೊಳ್ಳುತ್ತ ಹೋದೆವು. ನಲವತ್ತಕ್ಕೂ ಹೆಚ್ಚು ಬಗೆಯ ತೀರ್ಮಾನಗಳು ಸಿಕ್ಕವು. ಸೂಪರ್‌ವೈಸರ್ ಹುದ್ದೆಯ ನಮ್ಮ ಹಳೆಯ ಕಡತದಲ್ಲಿ ಇದ್ದ ಜವಾಬ್ದಾರಿಗಳು ಒಂಬತ್ತು. ಉಳಿದವನ್ನು ನಾವು ರದ್ದು ಮಾಡಿದ್ದೆವು, ರದ್ದು ಮಾಡುತ್ತಿದ್ದೇವೆ ಎಂಬ ಅರಿವೇ ಇಲ್ಲದೆ. ಅದೇ ಪಟ್ಟಿಯಲ್ಲಿ ಮೇಲಿನ ಕೆಲವು ಹುದ್ದೆಗಳ ಹೆಸರಿಗೆ ಒಂದು ತೀರ್ಮಾನವೂ ಸಿಗಲಿಲ್ಲ; ಕೆಳಗಿನಿಂದ ಬಂದ ಇ–ಮೇಲನ್ನು ಮೇಲಕ್ಕೆ ಕಳಿಸುವುದಷ್ಟೇ ಅವರ ಕೆಲಸವಾಗಿತ್ತು. ಆದ್ದರಿಂದ ಸಲಹಾ ಸಂಸ್ಥೆಯ ವರದಿ ಪೂರ್ತಿ ತಪ್ಪೆಂದು ನಾನು ಹೇಳಲಾರೆ. ತೆಗೆಯಬೇಕಾದ ಮೆಟ್ಟಿಲುಗಳು ಇದ್ದದ್ದು ನಿಜ, ಆದರೆ ಅವು ಹೆಚ್ಚಾಗಿ ನಡುವಿನಿಂದ ಮೇಲಕ್ಕೆ ಇದ್ದವು.

ಮರುವರ್ಷ ಪ್ರತಿ ಸೆಲ್‌ಗೆ ಪಾಳಿಗೊಬ್ಬರಂತೆ 12 ಸೂಪರ್‌ವೈಸರುಗಳನ್ನು ಮತ್ತೆ ನೇಮಿಸಿದೆವು. ಒಬ್ಬರ ಕೆಳಗೆ 18 ಜನ. ಮೂರು ದಿನಗಳವರೆಗಿನ ರಜೆ, ಓ.ಟಿ., ಸ್ಟೋರ್ಸಿನ ಇಂಡೆಂಟು ಇವುಗಳ ಅಧಿಕಾರವನ್ನು ಮಿತಿಗಳ ಸಮೇತ ಬರೆದು ಕೊಟ್ಟೆವು. ಆಪರೇಟರುಗಳಿಗೆ ಕೌಶಲ ಆಧರಿಸಿದ ನಾಲ್ಕು ವೇತನ ಶ್ರೇಣಿಗಳನ್ನು ಮಾಡಿ, ಕೆಳಗೆ ಒಬ್ಬರೂ ಇಲ್ಲದೆಯೇ ಒಬ್ಬ ಒಳ್ಳೆಯ ಫರ್ನೇಸ್ ಆಪರೇಟರ್ ಸೂಪರ್‌ವೈಸರ್‌ಗಿಂತ ಹೆಚ್ಚು ಸಂಬಳ ಪಡೆಯಲು ಸಾಧ್ಯವಾಗುವಂತೆ ಮಾಡಿದೆವು. ಇದನ್ನು ಒಪ್ಪಿಸಲು ಹಿಡಿದಷ್ಟು ಕಾಲ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಯಂತ್ರ ನಡೆಸುತ್ತಿದ್ದ ಆ 11 ಜನರನ್ನು ಕಾರ್ಮಿಕರೆಂದೇ ಒಪ್ಪಿಕೊಂಡು ಮುಂದಿನ ವೇತನ ಒಪ್ಪಂದದಲ್ಲಿ ಸೇರಿಸಿದ್ದಕ್ಕೆ ಆಡಳಿತದಲ್ಲಿ ಕೆಲವರು ಇಂದಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಬಗೆಹರಿಯದೆ ಉಳಿದದ್ದು ಗುತ್ತಿಗೆಯ 120 ಜನರ ವಿಷಯ. ಅವರು ಯಾವ ನಕ್ಷೆಯಲ್ಲೂ ಇರಲಿಲ್ಲ. ಅವರಿಗೆ ದಿನದ ಕೆಲಸ ಹೇಳುತ್ತಿದ್ದದ್ದು ನಮ್ಮ ಸೂಪರ್‌ವೈಸರ್, ರಜೆ ಕೊಡುತ್ತಿದ್ದದ್ದು ವಾರಕ್ಕೊಮ್ಮೆ ಬರುವ ಗುತ್ತಿಗೆದಾರನ ಪ್ರತಿನಿಧಿ. ಸೂಪರ್‌ವೈಸರಿಗೇ ಎಲ್ಲ ಅಧಿಕಾರವನ್ನೂ ಬರೆದು ಕೊಟ್ಟರೆ, ಗುತ್ತಿಗೆ ಬರೀ ತೋರಿಕೆಯದು, ನಿಜವಾದ ಮಾಲೀಕರು ನೀವೇ ಎನ್ನಲು ಕಾರ್ಮಿಕ ನ್ಯಾಯಾಲಯಕ್ಕೆ ನಾವೇ ಸಾಕ್ಷ್ಯ ಒದಗಿಸಿದಂತಾಗುತ್ತಿತ್ತು. ಕೊಡದಿದ್ದರೆ ಹಬ್ಬದ ಮರುದಿನ ಪ್ಯಾಕಿಂಗ್ ಖಾಲಿ ಇರುತ್ತಿತ್ತು. ನಾನು 2019ರಲ್ಲಿ ಆ ಕೆಲಸ ಬಿಡುವ ಹೊತ್ತಿಗೂ ನಕ್ಷೆಯಲ್ಲಿ ಅವರ ಜಾಗ ಖಾಲಿಯಾಗಿಯೇ ಇತ್ತು, ಅವರ ರಜೆ ಚೀಟಿಗಳು ಸೂಪರ್‌ವೈಸರಿನ ಜೇಬಿನಲ್ಲಿ ಸಹಿಯಿಲ್ಲದೆ ಇರುತ್ತಿದ್ದವು.